ತೂಕದಕ್ಕ ಎಳೆಯುವ ಗೆರೆ

ಬೆಳಕು ಹರಿಯುವ ಹೊತ್ತು. ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಎಲ್ಲರೂ 'ತೂಕದಕ್ಕ' ಎಂದೇ ಕರೆಯುವ ಹೆಂಗಸು ಹಸುಗೂಸುಗಳನ್ನು ತೂಗುವ ಯಂತ್ರದ ಮುಂದೆ ಮಂಡಿಯೂರಿ ಕೂತಿದ್ದಾರೆ. ಪಕ್ಕದ ಮಂಚದಿಂದ ಒಬ್ಬ ಬಾಣಂತಿ ಎವೆಯಿಕ್ಕದೆ ನೋಡುತ್ತಿದ್ದಾಳೆ. ದಿನ ತುಂಬುವ ಮೊದಲೇ ಹುಟ್ಟಿದ ಅವಳ ಮಗು ಮೊನ್ನೆ ಒಂದು ಕಿಲೋ ಒಂಬೈನೂರು ಗ್ರಾಂ ಇತ್ತು. ನಿನ್ನೆ ಯಂತ್ರ ನೂರು ಗ್ರಾಂ ಕಮ್ಮಿ ತೋರಿಸಿದೆ. ತನ್ನ ಹಾಲು ಸಾಲುತ್ತಿಲ್ಲವೆಂದು ಅವಳು ಅತ್ತು ಅತ್ತು ಸೋತಿದ್ದಾಳೆ. ಇವತ್ತೂ ಇಳಿದರೆ ಬಾಟಲಿ ಹಾಲು ಎಂದು ಡಾಕ್ಟರು ಹೇಳಿಯಾಗಿದೆ.

"ಮೊನ್ನೆ ಸಂಜೆ ಸೆನ್ಸರ್ ಬದಲಾಯಿಸಿದ್ದಾರೆ, ಗೆರೆ ಮಾತ್ರ ಹಳೇದೇ ಬಿಟ್ಟಿದ್ದಾರೆ. ಯಾರದೋ ಅಳತೆಗೆ ಹೊಲಿದ ಅಂಗಿ ಇನ್ಯಾರಿಗೋ ತೊಡಿಸಿದ ಹಾಗೆ," ಎನ್ನುತ್ತಾರೆ ತೂಕದಕ್ಕ. ಅವರ ಗಂಡ ದರ್ಜಿ.

ಯಂತ್ರಕ್ಕೆ ಕಿಲೋ ಗೊತ್ತಿಲ್ಲ, ಸೆನ್ಸರ್ ಕೊಡುವ ಅಂಕಿ ಮಾತ್ರ ಗೊತ್ತು. ಅಂಕಿಯನ್ನು ತೂಕಕ್ಕೆ ಹೊಂದಿಸುವ ಆ ಗೆರೆಯ, ಅಂದರೆ ಸರಳರೇಖೆಯ, ಸಮೀಕರಣ ಹುಡುಕುವುದೇ ಇವರ ಕಸುಬು. ತಟ್ಟೆ ಖಾಲಿಯಿದ್ದಾಗ ಅಂಕಿ 40. ಎರಡು ಕಿಲೋ ತೂಕದ ಬಟ್ಟು ಇಟ್ಟರೆ 440. ಎರಡು ಬಿಂದು ಸಿಕ್ಕಂತಾಯಿತು. ಎರಡು ಕಿಲೋಗೆ 400 ಏರಿದೆ, ಅಂದರೆ ಕಿಲೋಗೆ 200. ಅದೇ ರೇಖೆಯ ಇಳಿಜಾರು. ತೂಕ x, ಅಂಕಿ y ಎಂದಿಟ್ಟುಕೊಂಡು ಖಾಲಿ ತಟ್ಟೆಯ 40 ಸೇರಿಸಿದರೆ ಸಮೀಕರಣ y = 200x + 40.

"ಆಯ್ತಲ್ಲಕ್ಕ, ಮಗು ಮಲಗಿಸ್ಲಾ?" ನರ್ಸಮ್ಮನಿಗೆ ಅವಸರ.

"ತಾಳಮ್ಮ. ಎರಡು ಬಿಂದು ಇದ್ರೆ ತಪ್ಪು ಲೆಕ್ಕಾನೂ ಗೆರೆ ಎಳೆದುಬಿಡುತ್ತೆ. ಮೂರನೇದು ಬಂದು ಸಾಕ್ಷಿ ಹೇಳ್ಬೇಕು."

ಈ ಹಟ ಪೆಟ್ಟು ತಿಂದು ಬಂದದ್ದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಇವರು ಇಳಿಜಾರಿನ ಭಾಗಾಕಾರದಲ್ಲಿ ಮೇಲೆ ಎರಡನೆಯ ಅಂಕಿಯಿಂದ ಮೊದಲನೆಯದನ್ನು ಕಳೆದು, ಕೆಳಗೆ ತೂಕಗಳನ್ನು ತಿರುವುಮುರುವಾಗಿ ಕಳೆದರು. ಇಳಿಜಾರು ಋಣವಾಯಿತು. "ಭಾರ ಇಟ್ಟಷ್ಟೂ ತೂಕ ಇಳೀತಿತ್ತು! ನಮ್ಮನೆಯವ್ರು, 'ನಂಗೂ ಅಂಥದ್ದೊಂದು ತಂದ್ಕೊಡೇ, ಹೊಟ್ಟೆ ಕರಗಿಸೋ ಕಷ್ಟ ತಪ್ಪುತ್ತೆ' ಅಂತ ಇವತ್ತಿಗೂ ರೇಗಿಸ್ತಾರೆ." ಹೇಳಿ ತಾವೇ ಬಿದ್ದು ಬಿದ್ದು ನಗುತ್ತಾರೆ.

ಒಂದು ಕಿಲೋ ಬಟ್ಟು ತಟ್ಟೆಗೆ ಬರುತ್ತದೆ. ಅಂಕಿ 240. ಗೆರೆಯ ಮೇಲೇ ಕೂತಿದೆ.

ಈಗ ಮಗು. ಅಂಕಿ 430. ನಲವತ್ತು ಕಳೆದು ಇನ್ನೂರರಿಂದ ಭಾಗಿಸಿದರೆ ಒಂದು ಕಿಲೋ ಒಂಬೈನೂರ ಐವತ್ತು ಗ್ರಾಂ. ಮಗು ಇಳಿದೇ ಇಲ್ಲ, ಮೊನ್ನೆಗಿಂತ ಐವತ್ತು ಗ್ರಾಂ ಏರಿದೆ.

"ಹಾಗಾದ್ರೆ ನನ್ ಹಾಲು ಸಾಕಾಗ್ತಿದೆಯಾ ಅಕ್ಕ?" ಬಾಣಂತಿ ಮಂಚದಲ್ಲಿ ಎದ್ದು ಕೂರುತ್ತಾಳೆ.

ತೂಕದಕ್ಕ ಮಗುವನ್ನು ಎತ್ತಿ ಅವಳ ಮಡಿಲಿಗೆ ಕೊಡುತ್ತಾರೆ.

"ಐವತ್ತು ಗ್ರಾಂ ಎಲ್ಲಿಂದ ಬಂತು ಅಂದ್ಕೊಂಡೆ, ನನ್ನ ಲೆಕ್ಕದಿಂದಾನಾ? ಅಷ್ಟನ್ನೂ ಕುಡಿಸಿದ್ದು ನೀನೇ ಕಣಮ್ಮ."