ಅಗಳು ಮುಚ್ಚಿದ ಬೇಸಿಗೆ

ಬೈಲಿನ ಅಕ್ಕ ಆ ದಿನ ಬುಟ್ಟಿಯ ಮಣ್ಣನ್ನು ನಿಜವಾಗಿ ವೇದಿಕೆಯ ಮೇಜಿನ ಮೇಲೆ ಸುರಿದರೋ ಇಲ್ಲವೋ, ನನಗೆ ಖಚಿತವಿಲ್ಲ. ನನ್ನ ಕಣ್ಣಿಗೆ ಕಟ್ಟಿರುವುದು ಸುರಿದ ಹಾಗೆಯೇ. ಬಿಳಿ ಬಟ್ಟೆ, ಅದರ ಮೇಲೆ ಕೆಂಪು ಕೆಸರು. ಆದರೆ ಒಂದು ಚಿತ್ರ ಸ್ಪಷ್ಟವಾಗಿದೆ ಎಂದ ಮಾತ್ರಕ್ಕೆ ಅದು ನಡೆದದ್ದೇ ಎಂದು ನಂಬುವವನಲ್ಲ ನಾನು.

ಇದೆಲ್ಲ ಈಗ ನೆನಪಾದದ್ದು ಒಂದು ವಾಸನೆಯಿಂದ. ಮೂಡುಬಿದಿರೆಯಲ್ಲಿ ನಾನಿರುವ ಮನೆಯ ಎದುರಿಗೆ ಯಾರೋ ಗುಡ್ಡ ಅಗೆಸಿ ಸೈಟ್ ಮಾಡುತ್ತಿದ್ದಾರೆ. ಮೊದಲ ಮಳೆಗೆ ದರೆಯ, ಎಂದರೆ ಗುಡ್ಡ ಕಡಿದಲ್ಲಿ ಉಳಿದ ಗೋಡೆಯ, ಮಣ್ಣು ಕರಗಿ ನನ್ನ ಗೇಟಿನವರೆಗೆ ಹರಿದು ಬಂತು. ಕಬ್ಬಿಣದ ತುಕ್ಕಿನಂಥ, ಹಸಿ ಕೆಂಪು ಮುರಕಲ್ಲಿನ ವಾಸನೆ. ಗೇಟು ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದೆ...

ನಮ್ಮ ಊರು ಮೂಡುಬಿದಿರೆಗೂ ಬೆಳ್ತಂಗಡಿಗೂ ನಡುವೆ. ಗುಡ್ಡದ ಬುಡದಲ್ಲಿ ನಮ್ಮ ಮನೆ, ನಮ್ಮಿಂದ ಕೆಳಗೆ ಬೈಲಿನಲ್ಲಿ, ಗದ್ದೆಗಳ ತಗ್ಗಿನಲ್ಲಿ, ನಾವೆಲ್ಲ ಅಕ್ಕ ಎನ್ನುತ್ತಿದ್ದ ನೆರೆಯವರದು. ಗಂಡ ತೀರಿಕೊಂಡ ಮೇಲೆ ಧಣಿಗಳ ಗದ್ದೆಯನ್ನು ಗೇಣಿಗೆ ಅವರೊಬ್ಬರೇ ಮಾಡುತ್ತಿದ್ದರು. ಮಳೆಗಾಲದ ಬೆಳೆ ಕೈಗೆ ಬಂದರೆ ಧಣಿಗಳ ಅಂಗಳಕ್ಕೆ ಅಕ್ಕಿ ಮುಟ್ಟುತ್ತಿತ್ತು, ಗದ್ದೆ ಅಕ್ಕನ ಕೈಯಲ್ಲಿ ಉಳಿಯುತ್ತಿತ್ತು. ಬರದಿದ್ದರೆ ಬೇರೆಯವರಿಗೆ. ಅವರ ಮನೆಯೂ ಅದೇ ಗದ್ದೆಯ ಅಂಚಿನಲ್ಲಿತ್ತು. ಬಾಯಿ ಬಹಳ ಜೋರು. ನಮ್ಮ ಕೋಳಿ ಅವರ ಅಂಗಳಕ್ಕೆ ಹೋದರೆ ಕೋಳಿಗೆ ಬೈಯುತ್ತಿರಲಿಲ್ಲ, ನನ್ನ ಅಜ್ಜನಿಂದ ಶುರುಮಾಡುತ್ತಿದ್ದರು.

ಅರವತ್ತರ ದಶಕದ ಮೊದಲ ವರ್ಷಗಳು. ಗುಡ್ಡದ ಮೇಲೆ ಹೈಸ್ಕೂಲು ಬರುವುದೆಂದಾಯಿತು. ಧಣಿಗಳೇ ಜಾಗ ಕೊಟ್ಟರು, ಕಟ್ಟಡ ಸಮಿತಿಗೆ ಅವರೇ ಅಧ್ಯಕ್ಷರು. ಊರಿಗೆ ಊರೇ ಖುಷಿಪಟ್ಟಿತು, ಅಕ್ಕನೂ. ಬೇಸಿಗೆಯಲ್ಲಿ ಗುಡ್ಡದ ಒಂದು ಮಗ್ಗುಲನ್ನು ಕಡಿದು ಸಮ ಮಾಡಿದರು. ಕಡಿದ ಮಣ್ಣನ್ನು ಎಲ್ಲಿ ಹಾಕುವುದು? ಗುಡ್ಡದ ಸುತ್ತ ಹಿರಿಯರು ತೋಡಿಸಿದ ಆಳದ ಕಂದಕ, ನಾವು ಅಗಳು ಎನ್ನುವುದು, ಹತ್ತಿರದಲ್ಲೇ ಇತ್ತು. ಅದಕ್ಕೆ ತುಂಬಿಸಿದರು.

ಈ ತಪ್ಪು ನಮ್ಮ ಕಡೆಯವರಿಂದ ಮಾತ್ರ ಆಗುವಂಥದ್ದು ಎಂದು ನನಗೆ ಆಮೇಲೆ ಅನಿಸಿದೆ. ಅಗಳು ಇರುವುದು ದನ ಒಳಗೆ ಬಾರದಿರಲಿ ಎಂದು, ನಮಗೆಲ್ಲ ಗೊತ್ತಿದ್ದದ್ದು ಅಷ್ಟೆ. ಸಮಿತಿಯವರು ಮಂಗಳೂರಿನಿಂದ ಮುಳ್ಳುತಂತಿಯ ಸುರುಳಿಗಳನ್ನು ತರಿಸಿದ್ದರು. ತಂತಿ ಬಂದ ಮೇಲೆ ಅಗಳು ಯಾಕೆ? ಮಳೆಗಾಲದಲ್ಲಿ ಅದೇ ಅಗಳು ಗುಡ್ಡದ ನೀರನ್ನೆಲ್ಲ ಹಿಡಿದು, ಬೈಲನ್ನು ತಪ್ಪಿಸಿ, ಆಚೆ ಹರಿಯುವ ತೋಡಿಗೆ ಬಿಡುತ್ತಿದ್ದುದನ್ನು ಊರಿನ ಪ್ರತಿಯೊಬ್ಬನೂ ನೋಡಿದ್ದ. ಆದರೆ ತೀರ್ಮಾನ ಆದದ್ದು ಬೇಸಿಗೆಯಲ್ಲಿ. ಆಗ ಅದರಲ್ಲಿ ಇದ್ದದ್ದು ಒಣಗಿದ ಎಲೆ ಮಾತ್ರ.

ಅಕ್ಕ ಗುಡ್ಡ ಹತ್ತಿ ಹೋದರು. ಡಿಗ್ರಿ ಪರೀಕ್ಷೆ ಮುಗಿಸಿ ಊರಿಗೆ ಬಂದಿದ್ದ ನನ್ನನ್ನೂ ಎಳೆದುಕೊಂಡು ಹೋದರು. ಧಣಿಗಳು ಗೇರುಮರದ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು ವೀಳ್ಯ ಜಗಿಯುತ್ತಿದ್ದರು, ಪಕ್ಕದಲ್ಲಿ ಮೇಸ್ತ್ರಿ. ಮಾತೆಲ್ಲ ತುಳುವಿನಲ್ಲಿ ನಡೆದದ್ದು. ಕನ್ನಡಕ್ಕೆ ತರುವಾಗ ಖಾರ ಸ್ವಲ್ಪ ಇಳಿದಿದೆ.

"ಧಣಿಗಳೇ, ಅಗಳು ಮುಚ್ಚಿದರೆ ಗುಡ್ಡದ ನೀರು ಎಲ್ಲಿಗೆ ಹೋಗುವುದು?"

"ನೀರಿಗೆ ದಾರಿ ಹೇಳಿಕೊಡಬೇಕಾ ಮಾರಾಯ್ತಿ? ಅದು ಹೋಗ್ತದೆ."

"ಹೋಗ್ತದೆ. ನನ್ನ ಗದ್ದೆಗೆ ಹೋಗ್ತದೆ, ಈ ಮಣ್ಣನ್ನೂ ಕರಕೊಂಡು."

ಮೇಸ್ತ್ರಿ ನಕ್ಕ. "ಒಳ್ಳೆಯದೇ ಆಯ್ತಲ್ಲ ಅಕ್ಕ, ಹೊಸ ಮಣ್ಣು. ಗೊಬ್ಬರ ಹಾಕುವ ಕೆಲಸ ಇಲ್ಲ."

"ಹೌದಾ? ಹಾಗಾದರೆ ಮಧ್ಯಾಹ್ನ ನಿನ್ನ ಗಂಜಿಗೆ ಒಂದು ಮುಷ್ಟಿ ಹಾಕ್ತೇನೆ, ಉಪ್ಪಿನಕಾಯಿಯ ಖರ್ಚು ಇಲ್ಲ."

ನಾನೂ ಬಾಯಿ ಹಾಕಿದೆ. ಅಗಳಿನ ಮಣ್ಣು ತೆಗೆಸಿ, ಕಡಿದ ದರೆಗೆ ಮಡಲಿನ ತಟ್ಟಿ ಹೊದೆಸಿ ಎಂದೆ. ಮಳೆಗಾಲಕ್ಕೆ ಮೊದಲು ಮನೆಯ ಮಣ್ಣಿನ ಗೋಡೆಗಳಿಗೆ ಹೆಣೆದ ತೆಂಗಿನ ಗರಿ ಕಟ್ಟುವುದು ನಮ್ಮಲ್ಲಿ ಎಲ್ಲರೂ ಮಾಡುವ ಕೆಲಸ. ಹಾಗೆ ಹೇಳಿದ್ದು ನಿಜವೋ, ಅಥವಾ ಹೇಳಬೇಕಿತ್ತೆಂದು ಆಮೇಲೆ ಅನಿಸಿ ಈ ನೆನಪಿಗೆ ಸೇರಿಸಿಕೊಂಡೆನೋ... ಧಣಿಗಳ ಉತ್ತರ ನೆನಪಿರುವುದರಿಂದ ಹೇಳಿರಬೇಕು.

"ಗುಡ್ಡಕ್ಕೆ ಸೀರೆ ಉಡಿಸುವುದನ್ನು ಯಾವ ಕಾಲೇಜಿನಲ್ಲಿ ಕಲಿಸಿದರಪ್ಪ?" ಎಂದರು. ಸುತ್ತಲಿದ್ದವರು ನಕ್ಕರು. ಆಮೇಲೆ ಅಕ್ಕನ ಕಡೆ ತಿರುಗಿ, "ಪತ್ತನಾಜೆಗೆ ಮೊದಲು ಅಗಳು ಬಿಡಿಸಿ ಕೊಡ್ತೇವೆ, ನೀನು ಹೋಗು" ಎಂದರು.

ಪತ್ತನಾಜೆ ಎಂದರೆ ನಮ್ಮಲ್ಲಿ ಬೇಸಿಗೆಯ ಕೊನೆ. ಯಕ್ಷಗಾನದ ಆಟ, ಭೂತದ ಕೋಲ ಎಲ್ಲ ಅಂದಿಗೆ ನಿಲ್ಲುತ್ತವೆ. ಅದು ಬಂತು, ಹೋಯಿತು. ಅಗಳಿಗೆ ಯಾರೂ ಹಾರೆ ಹಾಕಲಿಲ್ಲ. ಆಳುಗಳೆಲ್ಲ ಉದ್ಘಾಟನೆಗೆ ಚಪ್ಪರ ಹಾಕುತ್ತಿದ್ದರು.

ಮಳೆ ಹಿಡಿದದ್ದು ಒಂದು ಬೆಳಗ್ಗೆ. ಅಕ್ಕ ಕೂಗಿದ್ದು ಕೇಳಿ ಓಡಿದೆ. ಅಗಳಿಗೆ ತುಂಬಿಸಿದ್ದ ಸಡಿಲ ಮಣ್ಣು ಗಂಜಿಯಂತಾಗಿ ಕೆಳಗೆ ಜಾರುತ್ತಿತ್ತು. ಅದರ ಹಿಂದೆ ಗುಡ್ಡದ ನೀರು. ಗದ್ದೆಯ ಅಂಚಿಗೆ ಇಬ್ಬರೂ ಸೇರಿ ಕಲ್ಲು, ಮಡಲು, ಬಾಳೆದಿಂಡು, ಸಿಕ್ಕಿದ್ದನ್ನೆಲ್ಲ ಒಟ್ಟಿದೆವು. ಒಂದು ಕಡೆ ಕಟ್ಟಿದರೆ ಇನ್ನೊಂದು ಕಡೆ ಒಡೆಯುತ್ತಿತ್ತು. ನೆಡಲು ಎಬ್ಬಿಸಿದ್ದ ಭತ್ತದ ನೇಜಿಯ ಹಸಿರು ನಮ್ಮ ಕಣ್ಣೆದುರೇ ಕೆಂಪಾಯಿತು, ಆಮೇಲೆ ಕಾಣಿಸಲೇ ಇಲ್ಲ. ಅಕ್ಕ ಸೊಂಟಕ್ಕೆ ಕೈಕೊಟ್ಟು ನಿಂತರು.

"ಬಿಡು ತಮ್ಮ. ನಿನ್ನ ಬಟ್ಟೆ ಹಾಳಾಗ್ತದೆ. ಈ ಕಲೆ ಹೋಗುವುದಿಲ್ಲ."

ಅಂದು ಅವರ ಬಾಯಲ್ಲಿ ಒಂದು ಬೈಗುಳವೂ ಬರಲಿಲ್ಲ. ಅದು ನನಗೆ ಹೆದರಿಕೆ ಹುಟ್ಟಿಸಿತು.

ಉದ್ಘಾಟನೆಯ ದಿನ ಮಳೆ ಬಿಟ್ಟು ಹೊಳವಾಗಿತ್ತು. ಧಣಿಗಳು ವಿದ್ಯಾದಾನದ ಬಗ್ಗೆ ಮಾತಾಡುತ್ತಿದ್ದರು. ಅಕ್ಕ ತಲೆಯ ಮೇಲೆ ಬುಟ್ಟಿ ಹೊತ್ತು, ಸಭೆಯ ನಡುವಿನಿಂದಲೇ ಬಂದರು. ಹೂವೋ ಹಣ್ಣೋ ತಂದಿದ್ದಾರೆಂದು ಜನ ದಾರಿ ಬಿಟ್ಟರು. ಮುಂದಿನದನ್ನು ನಾನು ಆಗಲೇ ಹೇಳಿದ್ದೇನೆ. ನನ್ನ ತಂಗಿ ಹೇಳುವುದು ಬೇರೆ: ಅವರು ಬುಟ್ಟಿಯನ್ನು ಮೆಟ್ಟಲಿನ ಬಳಿ ಇಳಿಸಿ, "ನಿಮ್ಮದು ನಿಮಗೆ" ಎಂದಷ್ಟೇ ಹೇಳಿ ಹೋದರಂತೆ. ಧಣಿಗಳು ಭಾಷಣ ನಿಲ್ಲಿಸಲಿಲ್ಲ ಎಂಬುದರಲ್ಲಿ ಮಾತ್ರ ನಮ್ಮಿಬ್ಬರಿಗೆ ಭಿನ್ನಾಭಿಪ್ರಾಯವಿಲ್ಲ.

ಆ ಮಳೆಗಾಲ ಬೆಳೆ ಬರಲಿಲ್ಲ. ಬೇಸಿಗೆಗೆ ಮಣ್ಣು ಒಣಗಿ ನೆಲ ಅಂಗಳದಂತೆ ಗಟ್ಟಿಯಾಯಿತು. ಮರುವರ್ಷದ ಮಳೆ ಅದರ ಮೇಲೆ ಇನ್ನಷ್ಟು ತಂದು ಹಾಕಿತು. ಬೆಳೆ ತೆಗೆಯಲಾಗದವರಿಗೆ ಗದ್ದೆ ಯಾಕೆ ಎಂದು ಧಣಿಗಳು ವಾಪಸು ತೆಗೆದುಕೊಂಡರು. ಮತ್ತೆ ಸ್ವಲ್ಪ ಕಾಲಕ್ಕೆ ಅದನ್ನು ಶಾಲೆಗೆ ಆಟದ ಬಯಲೆಂದು ದಾನ ಮಾಡಿದರು. ಸಮ ಮಾಡುವ ಕೆಲಸ ಹೆಚ್ಚೇನೂ ಇರಲಿಲ್ಲ. ಗುಡ್ಡವೇ ಮಾಡಿ ಕೊಟ್ಟಿತ್ತು. ಅವರ ಹೆಸರಿನ ಕಲ್ಲು ಈಗಲೂ ಅಲ್ಲಿದೆ.

ಅಕ್ಕ ಚಾರ್ಮಾಡಿಯಲ್ಲಿದ್ದ ತಂಗಿಯ ಮನೆಗೆ ಹೊರಟರು. ಬಸ್ಸಿನವರೆಗೆ ನಾನು ಗಂಟು ಹೊತ್ತುಕೊಂಡು ಹೋಗಿದ್ದೆ. ಅಲ್ಲಿ ಗದ್ದೆ ಉಂಟಾ ಎಂದು ಕೇಳಿದೆ.

"ಗದ್ದೆ ಇಲ್ಲ, ಗುಡ್ಡ ಉಂಟು. ಇನ್ನು ನಾನು ಗುಡ್ಡದ ಕೆಳಗೆ ಇರುವುದಿಲ್ಲ ಮಾರಾಯ, ಮೇಲೆಯೇ ಇರ್ತೇನೆ" ಎಂದು ನಕ್ಕರು.

ಮತ್ತೆ ನಾನು ಅವರನ್ನು ನೋಡಲಿಲ್ಲ. ತೀರಿಕೊಂಡ ಸುದ್ದಿ ಬಹಳ ತಡವಾಗಿ, ಯಾರದೋ ಮದುವೆಯ ಊಟದ ನಡುವೆ ಸಿಕ್ಕಿತು. ಉಳುವವರಿಗೇ ಭೂಮಿ ಎಂಬ ಕಾನೂನು ಬಂದಾಗ ಬೈಲಿನ ಉಳಿದ ಗೇಣಿದಾರರಿಗೆಲ್ಲ ಅವರವರ ಗದ್ದೆ ಸಿಕ್ಕಿತು. ಅಕ್ಕನಿಗೆ ಸಿಗಲು ಗದ್ದೆಯೇ ಇರಲಿಲ್ಲ.

ಧಣಿಗಳ ಮಗ ಈಗಲೂ ಹೇಳುತ್ತಾರೆ, ಅದು ಮೊದಲಿನಿಂದಲೂ ಯಾರೂ ಉಳದೆ ಹಡಿಲು ಬಿದ್ದ ಜಾಗ, ಅಪ್ಪ ಲಾರಿಯಲ್ಲಿ ಮಣ್ಣು ತರಿಸಿ ಮಕ್ಕಳಿಗೆ ಬಯಲು ಮಾಡಿಸಿದರು, ಎಂದು. ಎಷ್ಟು ನಂಬಿಕೆಯಿಂದ ಹೇಳುತ್ತಾರೆಂದರೆ ನನಗೂ ಅನುಮಾನ ಬರತೊಡಗಿತ್ತು. ಬುಟ್ಟಿಯ ವಿಷಯದಲ್ಲೇ ಖಚಿತವಿಲ್ಲದವನು ಗದ್ದೆಯ ವಿಷಯದಲ್ಲಿ ಹೇಗೆ ವಾದಿಸಲಿ?

ಮೊನ್ನೆ ಎದುರಿನ ಸೈಟಿನ ಕೆಸರು ನೋಡಿದ ಮೇಲೆ ತಡೆಯಲಾಗದೆ ಊರಿಗೆ ಹೋದೆ. ಶಾಲೆಯವರು ಆ ಬಯಲಿನ ಅಂಚಿನಲ್ಲಿ ಕಾಂಪೌಂಡಿನ ಕಂಬಕ್ಕೆ ಗುಂಡಿ ತೆಗೆಸುತ್ತಿದ್ದರು. ಲಾರಿಯಿಂದ ಸುರಿದ ಮಣ್ಣಾದರೆ ಕಲ್ಲು, ಹುಡಿ, ಉಂಡೆ ಎಲ್ಲ ಕಲಸಿಕೊಂಡಿರುತ್ತದೆ. ನೀರು ತಂದದ್ದಾದರೆ ಪದರ ಪದರವಾಗಿ ಕೂತಿರುತ್ತದೆ, ತರಿ ಕೆಳಗೆ, ನಯ ಮೇಲೆ, ಮತ್ತೆ ತರಿ, ಮತ್ತೆ ನಯ. ಕೆಲಸದವರ ಕೈಹಿಡಿದು ಗುಂಡಿಗೆ ಇಳಿದೆ. ಗೋಡೆಯನ್ನು ಉಗುರಿನಿಂದ ಕೆರೆದೆ. ಮೊಣಕಾಲಿನಷ್ಟು ಎತ್ತರಕ್ಕೆ ಕೆಂಪು ಮಣ್ಣು, ಪದರ ಪದರವಾಗಿ. ಅದರ ಕೆಳಗೆ ಬೂದು ಬಣ್ಣದ, ಅಂಟಿನ, ತಂಪಾದ ಗದ್ದೆಮಣ್ಣು.