ಸೆರಗಿಗೆ ಒರೆಸಿದ ಕೈ

ಪರದೇಶದ ಹೇವರ್ಡ್ ಎಂಬ ಊರಿನ ಈ ಅಪಾರ್ಟ್‌ಮೆಂಟಿನಲ್ಲಿ ಮರಿಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದೇನೆ. ಹನ್ನೊಂದು ದಿನದ ಕೂಸು! ಸಂತೋಷ ಎಷ್ಟೆಂದರೆ, ಬೆಳಗಿನ ಕಾಫಿ ಕುಡಿದೆನೋ ಇಲ್ಲವೋ ಅನ್ನುವುದೂ ನೆನಪಿಲ್ಲ. ಅಷ್ಟರಲ್ಲಿ ಎದುರುಮನೆಯ ಕೊರಿಯಾದವರು ಔಷಧಿ ಬೇರು ಕುದಿಸುವ ವಾಸನೆ ಬಂತು ನೋಡಿ. ಒದ್ದೆ ಮಣ್ಣು, ಶುಂಠಿ, ಹಳೇ ಮರದ ಪೆಟ್ಟಿಗೆ ಎಲ್ಲ ಸೇರಿದಂಥ ವಾಸನೆ. ಎದೆ ಭಾರವಾಯಿತು.

ಈ ಕೂಸಿನ ತಾಯಿ, ನನ್ನ ಮೊಮ್ಮಗಳು, ಹತ್ತು ವರ್ಷದವಳಿದ್ದಾಗಿನ ಮಾತು. ಡಾಟ್‌ಕಾಮ್ ಕಂಪನಿಗಳ ಭರಾಟೆಯ ಕಾಲ, ನನ್ನ ಮಗಳಿಗೆ ಆಫೀಸೇ ಮನೆ. ಹುಡುಗಿಗೆ ಅಂಗೈ ಬೆವರು. ಬೆವರೆಂದರೆ ಹಿಡಿದ ಪೆನ್ಸಿಲು ಜಾರುವಷ್ಟು, ಬರೆದ ಹಾಳೆ ಮುದ್ದೆಯಾಗುವಷ್ಟು.

ಒಂದು ದಿನ ಸರಟೋಗಾದಲ್ಲಿ ಒಬ್ಬರ ಮನೆಗೆ ಅರಿಶಿನ ಕುಂಕುಮಕ್ಕೆ ಹೋಗಿದ್ದೆವು. ಕಾರಿಳಿದವಳೇ ಹುಡುಗಿ ನನ್ನ ಕೈ ಹಿಡಿದುಕೊಂಡಳು. ಬಾಗಿಲಲ್ಲಿ ಕುಂಕುಮ ಮುಟ್ಟಬೇಕಲ್ಲ, ಕೈ ಬಿಡಿಸಿಕೊಂಡು ಸೆರಗಿಗೆ ಒರೆಸಿಕೊಂಡೆ. ಅವಳು ನೋಡಿದಳು. ಅವತ್ತಿನಿಂದ ಎರಡೂ ಕೈ ಜೇಬು ಸೇರಿದವು. "ಕೈ ಕೊಡೇ, ರಸ್ತೆ ದಾಟೋಣ" ಅಂದರೆ, "ಐಯಾಮ್ ಓಕೆ, ಅಜ್ಜಿ." ಓದಿದ್ದು ನಾಲ್ಕನೇ ಕ್ಲಾಸಾದರೂ ಆ ಇಂಗ್ಲಿಷು ನನಗೆ ಅರ್ಥವಾಯಿತು.

ಮಗಳ ಗೆಳತಿಯೊಬ್ಬಳು ಹೇಳಿದಳೆಂದು ಕೊರಿಯಾದ ಡಾಕ್ಟರಮ್ಮನ ಹತ್ತಿರ ಹೋದೆವು. ನನ್ನದೇ ವಯಸ್ಸು. ನಮ್ಮ ಮಂಡ್ಯದ ಪಂಡಿತರ ಹಾಗೇ ನಾಡಿ ನೋಡಿದರು, ನಾಲಿಗೆ ನೋಡಿದರು. ಆ ಒದ್ದೆ ಅಂಗೈಯನ್ನು ತಮ್ಮೆರಡು ಕೈಯೊಳಗೆ ಇಟ್ಟುಕೊಂಡು ಮಾತಾಡುತ್ತಲೇ ಇದ್ದರು. ಬಿಟ್ಟ ಮೇಲೂ ಒರೆಸಿಕೊಳ್ಳಲಿಲ್ಲ, ಹಾಗೇ ಪೆನ್ನು ಹಿಡಿದರು. ನಾನು ತಲೆ ತಗ್ಗಿಸಿದೆ.

ಕುದಿಸಿ ಪುಟ್ಟ ಚೀಲಗಳಲ್ಲಿ ತುಂಬಿದ ಕಷಾಯ ಕೊಟ್ಟರು. ಒಂದೊಂದು ಚೀಲ ಬಿಸಿ ಮಾಡಿ ಕುಡಿಸಿದರೆ ಸಾಕಂತೆ. ನನಗೆ ಸಾಕಾದೀತೇ? ಕಷಾಯವೆಂದರೆ ನಾಲ್ಕು ಲೋಟ ಒಂದು ಲೋಟಕ್ಕೆ ಬತ್ತಬೇಕು ಎಂದು ನಂಬಿದವಳು! ನಾಲ್ಕು ಚೀಲ ಪಾತ್ರೆಗೆ ಸುರಿದು ಬತ್ತಿಸಿ ಕುಡಿಸಿದೆ. ಹುಡುಗಿ ದಿನವಿಡೀ ವಾಂತಿ ಮಾಡಿಕೊಂಡಳು.

"ಕುದಿಸಿದ್ದನ್ನೇ ಯಾರಾದ್ರೂ ಮತ್ತೆ ಕುದಿಸ್ತಾರಾ ಅಮ್ಮಾ? ನಿನ್ನ ಪಂಡಿತಿಕೆ ಸಾಕು!" ಮಗಳು ರೇಗಿದಳು.

"ಬೇಗ ವಾಸಿಯಾಗ್ಲಿ ಅಂತ ಕಣೇ."

ಹಾಸಿಗೆಯಿಂದ ಹುಡುಗಿ ಕೇಳಿದಳು, "ವಾಸಿ ಆದ್ರೆ ಹಿಡ್ಕೋತೀಯಾ, ಅಜ್ಜಿ?" ಕನ್ನಡದಲ್ಲೇ ಕೇಳಿದಳು. ನಾನು ಕೈ ಚಾಚಿದೆ. ಅವಳು ತನ್ನ ಕೈಯನ್ನು ರಗ್ಗಿನೊಳಗೆ ಎಳೆದುಕೊಂಡಳು.

ಆಮೇಲೆ ಡಾಕ್ಟರಮ್ಮ ಹೇಳಿದ ಅಳತೆಯಲ್ಲೇ ತಿಂಗಳುಗಟ್ಟಲೆ ಕುಡಿದಳು. ಒಂದಿಷ್ಟು ಕಮ್ಮಿಯಾಗುತ್ತಿತ್ತು, ಪರೀಕ್ಷೆ ಬಂದರೆ ಮತ್ತೆ ಧಾರೆ. ಕೈ ಮಾತ್ರ ಇಷ್ಟು ವರ್ಷ ನನಗೆ ಕೊಡಲಿಲ್ಲ. ಬೇರೆ ಎಲ್ಲ ಕೊಟ್ಟಳು: ಊಟ, ಸೀರೆ, ಈ ಕೂಸು.

ಕೂಸು ನನ್ನ ಬೆರಳು ಹಿಡಿದಿದೆ. ಮುಷ್ಟಿ ಬಿಡಿಸಿ ನೋಡಿದೆ. ಪುಟ್ಟ ಅಂಗೈ ಒದ್ದೆ. ತಲೆಯೆತ್ತಿದರೆ ಮೊಮ್ಮಗಳು ಬಾಗಿಲಲ್ಲಿ ನಿಂತು ನನ್ನ ಕೈಯನ್ನೇ ನೋಡುತ್ತಿದ್ದಾಳೆ. ಆ ಒದ್ದೆ ಮುಷ್ಟಿಯನ್ನು ಕೆನ್ನೆಗೆ ಒತ್ತಿಕೊಂಡೆ.

ಬಂದು ಪಕ್ಕದಲ್ಲಿ ಕೂತಳು. ಜೇಬಿನಿಂದ ಕೈ ತೆಗೆದು ನನ್ನ ಕೈಯೊಳಗಿಟ್ಟಳು. ಇನ್ನೂ ಒದ್ದೆಯೇ ಇದೆ.