ಮೂರು ಸಲ ಟಾರ್ಚ್ ಬಿಟ್ಟರೆ

ಗೆಳೆಯರೇ, ಇವತ್ತು ಹತ್ತು ಗಂಟೆಯಾದರೂ ಕಾಫಿ ಕೊಯ್ಯಲು ಒಬ್ಬರೂ ಬರಲಿಲ್ಲ. ಕೆಲಸದವರ ಲೈನ್‌ಮನೆಗೆ ಹೋದರೆ ಎಲ್ಲ ಬಾಗಿಲೂ ಮುಚ್ಚಿವೆ.

"ರಾತ್ರಿ ನೀವೇ ಅಲ್ವಾ ಅಕ್ಕ, ಆನೆ ಬಂದಿದೆ ಅಂತ ಲೈಟ್ ಬಿಟ್ಟಿದ್ದು?" ಎಂದಳು ಕೊಯ್ಲಿಗೆ ಬರುವ ಸರಸು, ಕಿಟಕಿಯಿಂದಲೇ.

ಕಕ್ಕಬೆಯ ಈ ಇಳಿಜಾರಿನಲ್ಲಿ ಲೈನ್‌ಮನೆಗೆ ಮೊಬೈಲ್ ಸಿಗ್ನಲ್ ಇಲ್ಲ. ಆನೆ ಬಂದರೆ ನಮ್ಮ ಅಂಗಳದಿಂದ ಮೂರು ಸಲ ಟಾರ್ಚ್ ಬಿಡುತ್ತೇವೆ, ಅಲ್ಲಿಯವರು ಅಂಗಳದ ದೀಪ ಆರಿಸಿ ಒಳಗೆ ಸೇರುತ್ತಾರೆ, ಹೊರಗೆ ಬರುವುದಿಲ್ಲ. ನಿನ್ನೆ ಬಿಟ್ಟವರು ನಮ್ಮ ಹೋಮ್‌ಸ್ಟೇ ಅತಿಥಿ. ಪುನುಗು ಬೆಕ್ಕು ನೋಡಲು ಹೊಸ ಟಾರ್ಚ್ ತಂದು, ಅಂಗಳದಲ್ಲಿ ನಿಂತು ಗುಂಡಿ ಒತ್ತಿ ಒತ್ತಿ ಪರೀಕ್ಷಿಸಿದ್ದರು.

"ಒಂದು ಪ್ರಾಣಿನೂ ಕಾಣಿಸ್ಲಿಲ್ಲ ಮೇಡಂ" ಎಂದು ಬೇಸರದಲ್ಲೇ ಮಧ್ಯಾಹ್ನ ಹೊರಟರು.

ರಾತ್ರಿಯದು ಗೆಸ್ಟ್ ಲೈಟು, ಹೆದರಬೇಡಿ ಎಂದು ಬೆಳಿಗ್ಗೆಯೇ ಲೈನಿನಲ್ಲಿ ಎಲ್ಲರಿಗೂ ಹೇಳಿದ್ದೆ. ಸಂಜೆ ಏಳಕ್ಕೆ ಕೆರೆಯ ಹತ್ತಿರ ನಿಜವಾದ ಆನೆ ಬಂತು. ಮೂರು ಸಲ ಟಾರ್ಚ್ ಬಿಟ್ಟೆ. ಲೈನಿನ ಅಂಗಳದ ದೀಪ ಆರಲೇ ಇಲ್ಲ. ಹಾರ್ನ್ ಒತ್ತುತ್ತಾ ಜೀಪಿನಲ್ಲಿ ಇಳಿದೆ. ಸರಸು ಹೊರಗೆ ಕೂತು ಮೀನು ತೊಳೆಯುತ್ತಿದ್ದಳು.

"ಲೈಟ್ ಕಂಡೆ. ಗೆಸ್ಟ್ ಇನ್ನೂ ಹೋಗಿಲ್ವಾ ಅಕ್ಕ?"

ಎಲ್ಲರನ್ನೂ ಒಳಗೆ ಕಳಿಸಿ ಬಂದೆ. ಕೂತಲ್ಲಿ ಕೂರಲಾಗುತ್ತಿಲ್ಲ. ಅತಿಥಿಯ ಟಾರ್ಚಿನಲ್ಲಿ ಒಂದು ಕಿಲೋಮೀಟರ್ ದೂರದ್ದೂ ಕಾಣುತ್ತದಂತೆ. ಎದುರಿನ ಲೈನ್‌ಮನೆ ಮಾತ್ರ ಕಂಡಿರಲಿಲ್ಲ.